ಸುಮ್ಮನೆ ತಮಾಷೆಗೆ ಅಂದದ್ದು

ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಹಾಸನಾಂಬೆಯ ಗುಡಿ ಬಾಗಿಲು ತೆಗೆಯುತ್ತಾರೆ. ಬಲಿಪಾಡ್ಯಮಿ ಕಳೆದು ಮುಚ್ಚಿದರೆ ಮತ್ತೆ ನೋಡುವುದು ಮುಂದಿನ ವರ್ಷವೇ. ಆ ಕೆಲವು ದಿನ ಹಾಸನದ ಬೀದಿಗಳಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಸಾಲು. ಗಂಟೆಗಟ್ಟಲೆ ನಿಂತವರಿಗೆ ಹೊತ್ತು ಹೋಗಬೇಕಲ್ಲ, ಹಿಂದಿನವರು ಮುಂದಿನವರು ಪರಿಚಯವಾಗುತ್ತಾರೆ, ಊರು ಕೇರಿ ವಿಚಾರಿಸುತ್ತಾರೆ. ಗರ್ಭಗುಡಿ ಹತ್ತಿರವಾದ ಹಾಗೆ ಮಾತು ಸೊಸೆ ಕಲ್ಲಿನ ಕಡೆ ಹೊರಳುತ್ತದೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಅತ್ತೆಯ ಕಾಟ ತಾಳಲಾರದೆ ದೇವಿಯ ಮುಂದೆ ಬಂದು ಕೂರುತ್ತಿದ್ದ ಸೊಸೆ, ಹಿಂದೆಯೇ ಬಂದು ತಲೆಗೆ ಕುಕ್ಕಿದ ಅತ್ತೆ, ನೋವಿಗೆ ಅವಳು ಕೂಗಿದ ಕೂಗು, ಅವಳನ್ನು ಕಲ್ಲಾಗಿಸಿ ತನ್ನೆದುರಿಗೇ ಇರಿಸಿಕೊಂಡ ತಾಯಿ. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂಬುದು ನಂಬಿಕೆ. ಏಟು ತಿಂದ ಒಬ್ಬ ಹೆಂಗಸಿನ ಕಲ್ಲು ಅದು. ಅದರ ಹತ್ತಿರ ಹೋಗುವ ಸಾಲಿನಲ್ಲಿ ಅತ್ತೆ ಸೊಸೆಯರ ಬಗ್ಗೆ ನಗೆಚಾಟಿಕೆ ಹಾರುತ್ತಲೇ ಇರುತ್ತದೆ. ಹಾಸನಾಂಬೆ ಎಂದರೆ ನಗುವ ತಾಯಿ ಎಂದೇ ಅರ್ಥ ಹೇಳುತ್ತಾರೆ. ಅವಳ ನಗು, ಆ ಕಲ್ಲು, ಸಾಲಿನ ಈ ನಗು, ಮೂರೂ ಒಂದೇ ಗೋಡೆಯೊಳಗೆ ಹೇಗೆ ಸೇರಿಕೊಂಡವು ಎಂಬುದು ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ.

ಸಾಲಿನ ಮಾತು ಹೀಗಿರುತ್ತದೆ. "ಏನಮ್ಮಾ, ನಿನ್ನನ್ನೂ ಇಲ್ಲೇ ಬಿಟ್ಟು ಹೋಗ್ಲಾ?" ಅಂತ ಅತ್ತೆ. "ಬಿಟ್ಟೋಗಿ ಅತ್ತೆ, ನಾಳೆಯಿಂದ ಬೆಳಗಿನ ಕಾಫಿ ನೀವೇ ಕಾಯಿಸ್ಕೊಳಿ" ಅಂತ ಸೊಸೆ. ಅಕ್ಕಪಕ್ಕದವರು ನಗುತ್ತಾರೆ, ಅತ್ತೆಯೂ ನಗುತ್ತಾಳೆ. ಹತ್ತು ಮಾರು ಹಿಂದೆ ಇನ್ನೊಂದು ಮನೆಯವರು, ಅದೇ ಮಾತು, ಅಕ್ಷರವೂ ಬೇರೆಯಿಲ್ಲ. ಇಲ್ಲಿ ಸೊಸೆ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಾಳೆ, ಒಂದು ಸಣ್ಣ ನಗು ತಂದುಕೊಳ್ಳುತ್ತಾಳೆ, ಏನೂ ಅನ್ನುವುದಿಲ್ಲ. ಮಾತು ಒಂದೇ ಆದರೂ ಮೊದಲನೆಯದು ಕುಶಾಲು, ಎರಡನೆಯದು ಏಟು. ವ್ಯತ್ಯಾಸ ಇರುವುದು ತಿರುಗಿ ಅನ್ನಲು ಆಗುತ್ತದೋ ಇಲ್ಲವೋ ಎಂಬುದರಲ್ಲಿ.

ನಮ್ಮ ಭಾಷೆಗೆ ಇದು ಗೊತ್ತು, ವಿಭಕ್ತಿಯಲ್ಲೇ ಬಚ್ಚಿಟ್ಟಿದೆ. ಒಬ್ಬರ *ಜೊತೆ* ತಮಾಷೆ ಮಾಡುತ್ತೇವೆ, ಒಬ್ಬರ *ಜೊತೆ* ಕುಶಾಲು ಮಾಡುತ್ತೇವೆ. ಆದರೆ ಒಬ್ಬರ*ನ್ನು* ಗೇಲಿ ಮಾಡುತ್ತೇವೆ, ಒಬ್ಬರ*ನ್ನು* ಅಣಕಿಸುತ್ತೇವೆ, ಒಬ್ಬರ*ನ್ನು* ಆಡಿಕೊಳ್ಳುತ್ತೇವೆ. "ಜೊತೆ" ಅಂದರೆ ಎದುರಿನವನೂ ಕರ್ತೃ, "ಅನ್ನು" ಅಂದ ಕೂಡಲೇ ಅವನು ಬರಿಯ ಕರ್ಮ, ಹೊಡೆಸಿಕೊಳ್ಳುವವನು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕು ಸುಳ್ಳು ಹೇಳುತ್ತಿಲ್ಲ, ಅದು ನಿಜವಾಗಿಯೂ ಆಟವಾಡುತ್ತಿದೆ. "ಸುಮ್ಮನೆ ತಮಾಷೆಗೆ ಅಂದೆ" ಅನ್ನುವವನೂ ಬಹುಪಾಲು ನಿಜವನ್ನೇ ಹೇಳುತ್ತಿರುತ್ತಾನೆ. ತೊಡಕು ಇರುವುದೇ ಅಲ್ಲಿ.

ಹಿಟ್ಟಿನ ಕೋಳಿಯ ಕೂಗು

ಈ ತೊಡಕನ್ನು ಎಂಟು ನೂರು ವರ್ಷದ ಹಿಂದೆಯೇ ಬಿಡಿಸಿ ನೋಡಿದವನು ಜನ್ನ. ದೋರಸಮುದ್ರ, ಅಂದರೆ ಇವತ್ತಿನ ಹಳೇಬೀಡು, ಹೊಯ್ಸಳರ ರಾಜಧಾನಿಯಾಗಿದ್ದಾಗ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಕವಿ. ಅವನ ಯಶೋಧರ ಚರಿತೆ 1209ರದ್ದು. ನಾಲ್ಕು ಅವತಾರಗಳ, ಅಂದರೆ ಅಧ್ಯಾಯಗಳ, ಸುಮಾರು 300 ಕಂದಪದ್ಯಗಳ ಚಿಕ್ಕ ಕಾವ್ಯ, ಒಂದು ರಾತ್ರಿಯಲ್ಲಿ ಓದಿ ಮುಗಿಸಬಹುದು. ಜೀವದಯೆಯ ಜೈನಕಾವ್ಯ ಎಂದು ಪಾಠಪುಸ್ತಕ ಹೇಳುತ್ತದೆ, ಅದು ಸರಿಯೇ. ಆದರೆ ಅದರಲ್ಲಿ ನಗು ಎಲ್ಲೆಲ್ಲಿ ಬರುತ್ತದೆ ಎಂದು ಬೆರಳಿಟ್ಟು ಓದಿದರೆ ಬೇರೊಂದು ಕಾವ್ಯ ಕಾಣುತ್ತದೆ. ಮೂರು ಕಡೆ ಗಮನಿಸಬೇಕು.

ಮೊದಲನೆಯದು ದೂತಿಯ ನಗು. ಉಜ್ಜಯಿನಿಯ ರಾಣಿ ಅಮೃತಮತಿ ರಾತ್ರಿ ಯಾರೋ ಹಾಡುವುದನ್ನು ಕೇಳಿ ಮರುಳಾಗುತ್ತಾಳೆ, ಯಾರೆಂದು ನೋಡಿ ಬಾ ಎಂದು ದೂತಿಯನ್ನು ಕಳಿಸುತ್ತಾಳೆ. ಹಾಡಿದವನು ಆನೆ ಮಾವುತ ಅಷ್ಟಾವಂಕ, ಹೆಸರೇ ಹೇಳುವಂತೆ ಮೈಯೆಲ್ಲ ಡೊಂಕು. ದೂತಿ ಬಂದು ಅವನ ಒಂದೊಂದು ಅಂಗವನ್ನೂ ಎಣಿಸಿ ಹೇಳುತ್ತಾಳೆ. ಹೆಣ್ಣಿನ ಚೆಲುವನ್ನು ಅಡಿಯಿಂದ ಮುಡಿಯವರೆಗೆ ಬಣ್ಣಿಸುವುದು ಕವಿಗಳ ರೂಢಿ, ಜನ್ನ ಅದೇ ಅಚ್ಚನ್ನು ತಲೆಕೆಳಗು ಮಾಡಿ ಕುರೂಪಕ್ಕೆ ಹಾಕುತ್ತಾನೆ. ಓದುಗನಿಗೆ ನಗು ಬರುತ್ತದೆ, ಬರಲೆಂದೇ ಬರೆದದ್ದು. ಆದರೆ ಅಲ್ಲಿಗೇ ಬಿಡುವುದಿಲ್ಲ. ಅಮೃತಮತಿ ತಿರುಗಿ ಅನ್ನುತ್ತಾಳೆ: ಕಪ್ಪು ಅಂತ ಕಸ್ತೂರಿಯನ್ನು, ಗಂಟುಗಂಟು ಅಂತ ಗಂಧದ ಕೊರಡನ್ನು, ಡೊಂಕು ಅಂತ ಕಾಮನ ಬಿಲ್ಲನ್ನು ಯಾರಾದರೂ ಬಿಸಾಡುತ್ತಾರೆಯೇ? ಒಲಿದ ಮೇಲೆ ರೂಪದ ಮಾತೇಕೆ? ಮೈಯ ಡೊಂಕಿಗೆ ನಕ್ಕ ಓದುಗ ಆ ಉತ್ತರದ ಮುಂದೆ ಸ್ವಲ್ಪ ನಾಚಿಕೊಳ್ಳಬೇಕಾಗುತ್ತದೆ. ಕುಂಟ, ಮೆಳ್ಳ, ಕಿವುಡ, ಗೂನ ಎಂದು ಊರೂರಲ್ಲಿ ಈಗಲೂ ಮನುಷ್ಯರ ಹೆಸರಿನ ಜಾಗದಲ್ಲಿ ಕೂತಿರುವ ಮಾತುಗಳಿಗೆ ಅಮೃತಮತಿ ಕೊಟ್ಟಂಥ ಉತ್ತರ ಕೊಡುವವರು ಸಿಕ್ಕುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೇ ಕಲಮಿನ ಪ್ರಕಾರ ನಾಲ್ಕು ಜನರ ಕಣ್ಣೆದುರು ಬೇಕೆಂದು ಅವಮಾನ ಮಾಡಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಟೀ ಅಂಗಡಿಯ ಮುಂದೆ ದಿನವೂ ನಡೆಯುವುದು ಇದೇ ಎಂದು ಎಷ್ಟು ಜನಕ್ಕೆ ಹೊಳೆದಿದೆ?

ಎರಡನೆಯದು ನೈದಿಲೆಯ ಪೆಟ್ಟು. ಕನ್ನಡದಲ್ಲಿ ಇದರಷ್ಟು ಕ್ರೂರವಾದ ತಮಾಷೆ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ಒಂದು ರಾತ್ರಿ ಅಮೃತಮತಿ ಮಾವುತನ ಬಳಿಗೆ ತಡವಾಗಿ ಹೋಗುತ್ತಾಳೆ. ತಡವಾಯಿತೆಂದು ಅವನು ಕೂದಲು ಹಿಡಿದೆಳೆದು ಹೊಡೆಯುತ್ತಾನೆ, ಒದೆಯುತ್ತಾನೆ, ಅವಳು ಅವನ ಕಾಲು ಹಿಡಿಯುತ್ತಾಳೆ. ಹಿಂದೆಯೇ ಬಂದ ಗಂಡ, ರಾಜ ಯಶೋಧರ, ಇದನ್ನೆಲ್ಲ ಕತ್ತಲಲ್ಲಿ ನಿಂತು ನೋಡುತ್ತಾನೆ, ಕತ್ತಿ ಎತ್ತಿ ಮತ್ತೆ ಇಳಿಸುತ್ತಾನೆ. ಬೆಳಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಅವಳೊಡನೆ ಸರಸಕ್ಕೆ ಕೂತವನು ನೈದಿಲೆ ಹೂವಿನಿಂದ ಮೆಲ್ಲಗೆ ಹೊಡೆಯುತ್ತಾನೆ. ಅವಳು ಆ ಪೆಟ್ಟು ತಾಳಲಾರದವಳಂತೆ ಮೂರ್ಛೆ ಹೋಗುತ್ತಾಳೆ. ಆರೈಕೆ ಮಾಡಿ ಎಬ್ಬಿಸಿ, ಸದ್ಯ ನೈದಿಲೆಯ ಏಟಿಗೆ ಸಾಯದೆ ಉಳಿದೆಯಲ್ಲ ಎನ್ನುತ್ತಾನೆ. ಕೇಳಿದವರಿಗೆ ಅದು ಗಂಡ ಹೆಂಡಿರ ಚೆಲ್ಲಾಟ. ರಾತ್ರಿಯ ಒದೆ ಗೊತ್ತಿರುವವರು ಇಬ್ಬರೇ, ಅವರಿಗೆ ಮಾತ್ರ ಅದು ಚೂರಿ. ಈ ತಮಾಷೆಗೆ ಅವಳು ಬಾಯಲ್ಲಿ ಉತ್ತರ ಕೊಡುವ ಹಾಗಿಲ್ಲ, ಕೊಟ್ಟರೆ ಒಪ್ಪಿಕೊಂಡಂತೆ. ತಿರುಗಿ ಅನ್ನಲಾಗದ ಅವಳು ಕೊನೆಗೆ ಲಡ್ಡುಗೆಯಲ್ಲಿ ವಿಷ ಹಾಕಿ ಉತ್ತರ ಕೊಡುತ್ತಾಳೆ. ಯಶೋಧರ ಕತ್ತಿಯನ್ನು ಇಳಿಸಿದ್ದು ನಿಜ, ಆದರೆ ಬೆಳಿಗ್ಗೆ ಹೂವಿನಲ್ಲಿ ಅದೇ ಕತ್ತಿಯನ್ನು ಬೀಸಿದ. ಹೊಡೆಯದೆ ಬಿಟ್ಟವನೂ ಹೊಡೆದಿರಬಹುದು ಎಂಬುದನ್ನು ಇಷ್ಟು ಸಣ್ಣ ಜಾಗದಲ್ಲಿ ತೋರಿಸಿದ ಕವಿ ಅಪರೂಪ.

ಮೂರನೆಯದು ಎಲ್ಲರೂ ಬಲ್ಲ ಹಿಟ್ಟಿನ ಕೋಳಿ. ಮನಸ್ಸು ಕೆಟ್ಟ ರಾಜ ತಾಯಿ ಚಂದ್ರಮತಿಗೆ ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ, ಅವಳು ದೇವಿಗೆ ಬಲಿ ಕೊಡು ಎನ್ನುತ್ತಾಳೆ, ಅವನು ಪ್ರಾಣಿಯನ್ನು ಕೊಲ್ಲಲಾರೆ ಎನ್ನುತ್ತಾನೆ. ಕೊನೆಗೆ ರಾಜಿ: ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿದರಾಯಿತು. ರಕ್ತವಿಲ್ಲ, ಪ್ರಾಣವಿಲ್ಲ, ಯಾರಿಗೂ ನೋವಿಲ್ಲ. ಆದರೆ ಕೋಳಿ ಎಷ್ಟು ಚೆನ್ನಾಗಿ ಮೂಡಿತ್ತೆಂದರೆ ಒಂದು ಬೆಂತರ, ಅಂದರೆ ದೆವ್ವ, ಬಂದು ಅದರೊಳಗೆ ಸೇರಿಕೊಂಡಿರುತ್ತದೆ. ಕತ್ತಿ ಬಿದ್ದ ಕೂಡಲೇ ಹಿಟ್ಟಿನ ಕೋಳಿ ಕೂಗುತ್ತದೆ. ಕೈಯ ಕತ್ತಿ ನಡುಗುತ್ತದೆ. ಅಲ್ಲಿಂದ ಮುಂದೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಹಾವು, ಮೀನು, ಆಡು ಎಂದು ಜನ್ಮಜನ್ಮ ಸುತ್ತಿ ಒಬ್ಬರನ್ನೊಬ್ಬರು ಕೊಂದು, ಕೊಲ್ಲಿಸಿಕೊಂಡು, ಕೋಳಿಗಳಾಗಿಯೇ ಹುಟ್ಟಿ ಸಾಯಬೇಕಾಗುತ್ತದೆ.

"ಸುಮ್ಮನೆ ತಮಾಷೆಗೆ ಅಂದದ್ದು" ಎಂಬುದು ಹಿಟ್ಟಿನ ಕೋಳಿಯೇ. ನಿಜವಾಗಿ ಹೊಡೆದಿಲ್ಲವಲ್ಲ, ಬೈದಿಲ್ಲವಲ್ಲ, ಮಾತಿನ ಹಿಟ್ಟಿನಲ್ಲಿ ಒಂದು ಆಕಾರ ಮಾಡಿ ಅದನ್ನು ಕಡಿದದ್ದು ಅಷ್ಟೆ. ಕಡಿಯುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಜನ್ನ ಕೇಳುತ್ತಾನೆ, ಅವನಿಗೆ ಸಂಕಲ್ಪವೇ ಮುಖ್ಯ. ರ್‍ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ತಂದ ನಿಯಮ ಇದರ ಇನ್ನೊಂದು ತುದಿ ಹಿಡಿಯುತ್ತದೆ. ಆಡಿದ ಮಾತು, ಬರೆದ ಮಾತು, ಮಾಡಿದ ಕೆಲಸ, ಯಾವುದೇ ಇರಲಿ, ಅದರ ಪರಿಣಾಮ ಹೊಸ ವಿದ್ಯಾರ್ಥಿಯನ್ನು ಕಾಡಿಸುವುದೇ ಆಗಿದ್ದರೆ ಅದು ರ್‍ಯಾಗಿಂಗ್. ಮಾಡಿದವನು ಏನೆಂದುಕೊಂಡಿದ್ದ ಎಂಬುದು ಅಲ್ಲಿ ಎರಡನೆಯ ಮಾತು. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೂ ಹುಡುಗಾಟಿಕೆಯ ರೂಪದಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಎಂಬ ಮಾತು ಸೇರಿಸಿಯೇ ರ್‍ಯಾಗಿಂಗನ್ನು ವಿವರಿಸಿದ್ದಾರೆ. ತಮಾಷೆ ಎಂಬ ನೆಪ ಬರುತ್ತದೆಂದು ಗೊತ್ತಿದ್ದೇ ಬರೆದ ಹಾಗಿದೆ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಹಾಸ್ಟೆಲಿಗೆ ಮಕ್ಕಳನ್ನು ಬಿಟ್ಟು ಬರುವ ಅಪ್ಪ ಅಮ್ಮಂದಿರು ಹಾಸಿಗೆ, ಬಕೆಟ್ಟು, ಚಕ್ಕುಲಿ ಡಬ್ಬಿಯ ಜೊತೆ 1800-180-5522 ಎಂಬ ಸಹಾಯವಾಣಿಯನ್ನೂ ಬರೆದುಕೊಟ್ಟು ಬರಬೇಕು. ಹೊಸ ಹುಡುಗ ಎಲ್ಲರ ಜೊತೆ ತಾನೂ ನಕ್ಕನೆಂಬುದನ್ನು ಒಪ್ಪಿಗೆಯೆಂದು ತಿಳಿಯುವುದೇ ಹಾಸ್ಟೆಲುಗಳಲ್ಲಿ ಮೊದಲು ಆಗುವ ತಪ್ಪು. ಆ ನಗು ಅವನು ಕಟ್ಟುವ ಸುಂಕ. ನಗದಿದ್ದರೆ "ಇವನಿಗೆ ತಮಾಷೆ ಅರ್ಥ ಆಗಲ್ಲ" ಎಂದು ಎರಡನೆಯ ಸುತ್ತು ಶುರುವಾಗುತ್ತದೆ.

ಒಂದೇ ಜಿಲ್ಲೆಯ ಎರಡು ನಗು

ಗೊರೂರು ರಾಮಸ್ವಾಮಿ ಅಯ್ಯಂಗಾರ್ ಮತ್ತು ಎಸ್. ಎಲ್. ಭೈರಪ್ಪ ಇಬ್ಬರೂ ಹಾಸನ ಜಿಲ್ಲೆಯವರು. ಒಬ್ಬರು ಹೇಮಾವತಿ ದಂಡೆಯ ಗೊರೂರಿನವರು, ಇನ್ನೊಬ್ಬರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಗೊರೂರರ ಹಳ್ಳಿಯಲ್ಲಿ ಬಡತನವಿದೆ, ಜಗಳವಿದೆ, ಮೂಢನಂಬಿಕೆಯಿದೆ, ಆದರೆ ನಗುವವನು ನಗಿಸಿಕೊಂಡವನ ಪಕ್ಕದ ಜಗಲಿಯಲ್ಲೇ ಕೂತಿರುತ್ತಾನೆ. ನಾಳೆ ಅವನ ಮನೆಗೇ ಮಜ್ಜಿಗೆ ಕೇಳಲು ಹೋಗಬೇಕು. ಹಾಗಾಗಿ ನಗು ಅಳತೆ ಮೀರುವುದಿಲ್ಲ.

ಭೈರಪ್ಪನವರ ಗೃಹಭಂಗದ ನಗು ಬೇರೆ. 1970ರಲ್ಲಿ ಬಂದ ಆ ಕಾದಂಬರಿಯನ್ನು ಮೊದಲ ಸಲ ಓದುವವರು ಗಂಗಮ್ಮನ ಬೈಗುಳಕ್ಕೆ ನಗುತ್ತಾರೆ, ನಗದೆ ಇರಲು ಆಗುವುದಿಲ್ಲ. ತಿಪಟೂರು ಚನ್ನರಾಯಪಟ್ಟಣ ಸೀಮೆಯ ಆ ಭಾಷೆಗೆ ಅಂಥ ಓಟವಿದೆ. ಮಗ ಚೆನ್ನಿಗರಾಯನ ಸೋಮಾರಿತನ, ಹೊಟ್ಟೆಬಾಕತನವೂ ಹಾಗೆಯೇ, ಹಾಸ್ಯದ ಪಾತ್ರವಾಗಿಯೇ ಒಳಗೆ ಬರುತ್ತಾನೆ. ಶ್ಯಾನುಭೋಗಿಕೆ ಅವನದು, ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಮಾರಿ ಮನೆ ನಡೆಸುವವಳೂ ಅವಳೇ. ಪ್ಲೇಗು ಬರುತ್ತದೆ, ಮಗಳು ಪಾರ್ವತಿ ಹೋಗುತ್ತಾಳೆ, ಮಗ ರಾಮಣ್ಣ ಹೋಗುತ್ತಾನೆ. ಗಂಗಮ್ಮನ ಬಾಯಿ ಬದಲಾಗುವುದಿಲ್ಲ, ಚೆನ್ನಿಗರಾಯನ ಹೊಟ್ಟೆಯೂ ಬದಲಾಗುವುದಿಲ್ಲ. ಭೈರಪ್ಪನವರ ಹೆಚ್ಚುಗಾರಿಕೆ ಇರುವುದು ಅಲ್ಲಿ. ನಮ್ಮನ್ನು ನಗಿಸಿದ್ದ ಅದೇ ಗುಣಗಳನ್ನು ಒಂದಿಷ್ಟೂ ತಿದ್ದದೆ, ಕ್ರೂರಿ ಎಂದು ಎಲ್ಲೂ ಬಣ್ಣ ಬಳಿಯದೆ, ಸಾವಿನ ಮನೆಯೊಳಗೆ ಹಾಗೆಯೇ ತಂದು ನಿಲ್ಲಿಸುತ್ತಾರೆ. ಓದುಗನಿಗೆ ತನ್ನ ಮೊದಲಿನ ನಗು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೆಟ್ಟವರನ್ನು ಮೊದಲೇ ಕೆಟ್ಟವರೆಂದು ಹೇಳಿಬಿಟ್ಟಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ನಂಜಮ್ಮನಿಗೆ ತಿರುಗಿ ಅನ್ನುವ ಜಾಗ ಇರಲಿಲ್ಲ. ಅವಳಂಥ ಸಾವಿರಾರು ಜನಕ್ಕೆ ಇದ್ದ ಒಂದೇ ಜಾಗ ಬೀಸುವ ಕಲ್ಲಿನ ಮುಂದೆ. ಕೋಳಿ ಕೂಗುವ ಮೊದಲೇ ಎದ್ದು, ಒಂದು ಕೈಯಲ್ಲಿ ಗೂಟ ಹಿಡಿದು ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಹಿಡಿ ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕುವ ಕೆಲಸ. ಹಿಡಿ ದೊಡ್ಡದಾದರೆ ಹಿಟ್ಟು ದಪ್ಪ ಬೀಳುತ್ತದೆ, ಸಣ್ಣದಾದರೆ ಕಲ್ಲಿಗೆ ಕಲ್ಲು ಉಜ್ಜಿ ಹಿಟ್ಟಿನಲ್ಲಿ ಮರಳು ಸೇರುತ್ತದೆ. ಕೈ ಒಂದೇ ಹದದಲ್ಲಿ ಹೋಗಬೇಕಾದರೆ ಪದ ಬೇಕೇ ಬೇಕು, ಮೂರು ಸಾಲಿನ ತ್ರಿಪದಿ ಆ ಸುತ್ತಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಅತ್ತೆಯ ಜಿಪುಣತನ, ನಾದಿನಿಯ ಚಾಡಿ, ತವರಿನ ದಾರಿ ಎಲ್ಲವೂ ಆ ಪದಗಳಲ್ಲಿ ಬರುತ್ತಿದ್ದವು, ಒಳಮನೆಯಲ್ಲಿ ಮಲಗಿದ ಅತ್ತೆಗೆ ಕೇಳುವ ಹಾಗೆಯೇ. ಪದ ನಿಲ್ಲಿಸು ಅನ್ನುವಂತಿಲ್ಲ, ನಿಲ್ಲಿಸಿದರೆ ಬೆಳಗಿನ ಮುದ್ದೆಗೆ ಹಿಟ್ಟಿಲ್ಲ. ಕೆಲಸದ ನೆವದಲ್ಲಿ ಸಿಕ್ಕ ಈ ಮಾತಿನ ಹಕ್ಕು ಮಿಷನ್ನು ಬಂದ ಮೇಲೆ ಹೋಯಿತು. ಬೀಸುವ ಕಷ್ಟ ತಪ್ಪಿತಲ್ಲ ಎಂದು ಸಂತೋಷಪಡಬೇಕು. ಆ ಪದಗಳ ಜಾಗಕ್ಕೆ ಏನೂ ಬರಲಿಲ್ಲ ಎಂಬ ನೋವೂ ಇದೆ.

ಕೌಂಟರಿನ ಆಚೆ

ಘಟ್ಟದ ಕಡೆಗೆ ಬಂದರೆ ಮೂಡಿಗೆರೆಯ ತೇಜಸ್ವಿಯವರ ತಬರನ ಕಥೆ. ತಬರ ಚಿಕ್ಕ ಊರಿನ ಪುರಸಭೆಯ ನೌಕರ. ಕಾಫಿ ಬೆಳೆಗಾರರಿಂದ ಸುಂಕ ವಸೂಲಿಗೆ ನಿಂತು ಲೆಕ್ಕದ ಗೋಜಲಿಗೆ ಸಿಕ್ಕಿಹಾಕಿಕೊಂಡು, ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುವವನು. ಬ್ರಿಟಿಷರ ಕಾಲವೇ ಚೆನ್ನಾಗಿತ್ತು ಎನ್ನುವ ಅವನನ್ನು ಊರವರು ಆಡಿಕೊಳ್ಳುತ್ತಾರೆ. ಈ ಕಥೆಯಲ್ಲಿ ಒಬ್ಬನೇ ಒಬ್ಬ ದುಷ್ಟ ಇಲ್ಲ. ಪ್ರತಿಯೊಬ್ಬನ ಹತ್ತಿರವೂ ಒಂದು ನ್ಯಾಯವಾದ ಕಾರಣವಿದೆ, ಈ ಕಾಗದ ಬಂದಿಲ್ಲ, ಆ ಸಹಿ ಆಗಿಲ್ಲ, ಸಾಹೇಬರು ಕ್ಯಾಂಪಿನಲ್ಲಿದ್ದಾರೆ. ಅತ್ತ ಹೆಂಡತಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತಿದೆ. ಗಿರೀಶ್ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲವೂ ಬಂತು, ತಬರನಾಗಿದ್ದ ಚಾರುಹಾಸನ್‌ಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಅದರಲ್ಲಿ ಎಲ್ಲ ದಾರಿಯೂ ಮುಚ್ಚಿದ ತಬರ ಕಟುಕನ ಹತ್ತಿರ ಹೋಗಿ ಹೆಂಡತಿಯ ಕಾಲು ಕಡಿದುಕೊಡು ಎಂದು ಅಂಗಲಾಚುತ್ತಾನೆ. ಲೆಕ್ಕ ನೋಡಿದರೆ ತಪ್ಪೇನಿಲ್ಲ, ಕಾಲು ಕಡಿಯುವುದರಲ್ಲಿ ಊರಿನಲ್ಲಿ ಅವನಿಗಿಂತ ಪಳಗಿದ ಕೈ ಇಲ್ಲ. ಇಷ್ಟು ಹೊತ್ತು ಕಚೇರಿಯವರು ಆಡಿದ ತರ್ಕವೂ ಇಂಥದ್ದೇ, ಒಳಗೊಳಗೆ ಸರಿ, ಹೊರಗೆ ಭಯಂಕರ. ತಬರ ಅವರಿಂದಲೇ ಆ ತರ್ಕ ಕಲಿತ ಹಾಗಿದೆ.

ಪಿಂಚಣಿ, ಪಹಣಿ, ಪೋಡಿ, ರೇಷನ್ ಕಾರ್ಡು, ಯಾವುದಕ್ಕೇ ಆಗಲಿ ಕೌಂಟರಿನ ಮುಂದೆ ನಿಂತ ಮುದುಕರನ್ನು ನೋಡಿ. "ಏನಜ್ಜ, ಇನ್ನೂ ಬದುಕಿದ್ದೀಯಾ? ಜೀವಂತ ಇದ್ದೀನಿ ಅಂತ ಸರ್ಟಿಫಿಕೇಟ್ ತಂದಿದ್ದೀಯಾ?" ಎಂದು ಒಳಗಿನಿಂದ ಒಂದು ಮಾತು. ಸುತ್ತಲಿನವರು ನಗುತ್ತಾರೆ, ಅಜ್ಜನೂ ಬೊಚ್ಚುಬಾಯಿ ತೆರೆದು ನಗುತ್ತಾನೆ. ಆಡಿದವರಿಗೆ ಕೆಡುಕು ಮಾಡುವ ಉದ್ದೇಶ ಖಂಡಿತ ಇರಲಿಲ್ಲ, ಬೆಳಗಿನಿಂದ ಕೂತು ಬೇಸರವಾಗಿತ್ತು. ಆದರೆ ಅಜ್ಜನ ಕಡತ ಅವರ ಕೈಯಲ್ಲಿದೆ. ಕಡತ ಕೈಯಲ್ಲಿರುವವರ ತಮಾಷೆಗೆ ನಗದೇ ಇರುವ ಸ್ವಾತಂತ್ರ್ಯ ಎದುರು ನಿಂತವನಿಗಿಲ್ಲ. ತೋಟದ ಮಾಲೀಕ ಕೂಲಿಯವನ ಹೆಸರನ್ನು ಎಳೆದಾಡಿದಾಗ, ಮೇಷ್ಟ್ರು ತರಗತಿಯಲ್ಲಿ ಒಬ್ಬ ಹುಡುಗನ ಉಚ್ಚಾರವನ್ನು ಅಣಕಿಸಿದಾಗ, ದೊಡ್ಡಾಸ್ಪತ್ರೆಯಲ್ಲಿ ಬಸುರಿಯ ನರಳಾಟಕ್ಕೆ ಒಂದು ಚುಚ್ಚುಮಾತು ಬಿದ್ದಾಗ, ಎಲ್ಲ ಕಡೆಯೂ ಇದೇ ಲೆಕ್ಕ. ಎದುರಿನವರಿಂದ ಏನೋ ಆಗಬೇಕಾದವರು ನಕ್ಕ ನಗುವನ್ನು ನಗು ಎಂದು ಎಣಿಸಬಾರದು.

ನಕ್ಷತ್ರಿಕನ ಪಾತ್ರ ಹಾಳಾಗುವುದು ಹೇಗೆ

ಇದನ್ನೆಲ್ಲ ಪುಸ್ತಕದ ಹಂಗಿಲ್ಲದೆ ಬಲ್ಲವರು ನಮ್ಮ ಹಳ್ಳಿ ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳು. ಅರಸೀಕೆರೆ, ಹೊಳೆನರಸೀಪುರ, ಕಡೂರು ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರದ ನಂತರ ಹೆಚ್ಚು ಆಡುವುದರಲ್ಲಿ ಸತ್ಯ ಹರಿಶ್ಚಂದ್ರವೂ ಒಂದು. ಎರಡು ಮೂರು ತಿಂಗಳು ರಾತ್ರಿ ಊಟವಾದ ಮೇಲೆ ದೇವಸ್ಥಾನದ ಪಡಸಾಲೆಯಲ್ಲಿ ಪ್ರಾಕ್ಟೀಸು. ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ. ಚಂದ್ರಮತಿಗೆ ಪೇಟೆಯಿಂದ ಕಲಾವಿದೆಯನ್ನು ಕರೆಸುತ್ತಾರೆ, ಸೀನರಿಯೂ ಬಾಡಿಗೆಗೆ, ಅರಮನೆ, ಕಾಡು, ಕಾಶಿಯ ಬೀದಿ, ಸ್ಮಶಾನ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಕು ಹರಿಯುವವರೆಗೆ. ಲೋಹಿತಾಶ್ವನ ಪಾತ್ರದ ಹುಡುಗ ಎಂಟೋ ಹತ್ತೋ ವರ್ಷದವನು, ಹಾವು ಕಚ್ಚುವ ದೃಶ್ಯ ಬರುವುದು ನಡುರಾತ್ರಿ ಕಳೆದ ಮೇಲೆ. ಬಣ್ಣ ಹಚ್ಚಿಸಿಯೇ ಪರದೆ ಹಿಂದೆ ಮಲಗಿಸಿ ಹೊತ್ತಿಗೆ ಸರಿಯಾಗಿ ಎಬ್ಬಿಸಲು ಒಬ್ಬರನ್ನು ನೇಮಿಸಿರುತ್ತಾರೆ. (ಯಶೋಧರನ ತಾಯಿಯೂ ಚಂದ್ರಮತಿ, ಹರಿಶ್ಚಂದ್ರನ ಹೆಂಡತಿಯೂ ಚಂದ್ರಮತಿ. ಒಬ್ಬಳು ಕೋಳಿ ಕಡಿಸಿದಳು, ಇನ್ನೊಬ್ಬಳು ತನ್ನನ್ನೇ ಮಾರಿಸಿಕೊಂಡಳು.)

ನಾಟಕ ನಿಲ್ಲುವುದು ಬೀಳುವುದು ನಕ್ಷತ್ರಿಕನ ಮೇಲೆ. ವಿಶ್ವಾಮಿತ್ರನ ಸಾಲ ವಸೂಲಿಗೆ ಬೆನ್ನು ಬಿದ್ದು ಬರುವ ಶಿಷ್ಯ. 13ನೇ ಶತಮಾನದ ರಾಘವಾಂಕನ ಕಾವ್ಯದಲ್ಲೇ ಅವನು ದಾರಿಯುದ್ದಕ್ಕೂ ಕಾಡಿಸುತ್ತಾನೆ. ಬಿಡದೆ ಪೀಡಿಸುವವನಿಗೆ ನಕ್ಷತ್ರಿಕ ಎಂಬ ಮಾತು ಈಗಲೂ ಮನೆಮನೆಯಲ್ಲಿ ಬಳಕೆಯಲ್ಲಿದೆ. ವೇದಿಕೆಯ ಮೇಲೆ ಅವನದು ಹಾಸ್ಯದ ಪಾತ್ರ. ರಾಜ್ಯ ಕಳೆದುಕೊಂಡ ಮೂವರು ಬರಿಗಾಲಲ್ಲಿ ನಡೆಯುತ್ತಿದ್ದಾರೆ, ಇವನು ನನಗೆ ಬಾಯಾರಿಕೆ ಎನ್ನುತ್ತಾನೆ, ನೀರು ತಂದರೆ ಕಾಲುನೋವು ಎನ್ನುತ್ತಾನೆ, ಒತ್ತಿದರೆ ಇನ್ನು ನಡೆಯಲಾರೆ ಎತ್ತಿಕೋ ಎನ್ನುತ್ತಾನೆ. ಜನ ಶಿಳ್ಳೆ ಹಾಕುತ್ತಾರೆ. ಚೆನ್ನಾಗಿ ಕಲಿಸಿದ ನಾಟಕದಲ್ಲಿ ಈ ಬೇಡಿಕೆಗಳು ಮೂರು, ಹೆಚ್ಚೆಂದರೆ ನಾಲ್ಕು. ಮೊದಲನೆಯದಕ್ಕೆ ಎಲ್ಲರೂ ನಗುತ್ತಾರೆ, ಎರಡನೆಯದಕ್ಕೆ ಇನ್ನೂ ಜೋರಾಗಿ. ಮೂರನೆಯದಕ್ಕೆ ಹರಿಶ್ಚಂದ್ರ ಒಂದು ಮಾತೂ ಆಡದೆ ಬೆನ್ನು ಬಗ್ಗಿಸಿ ನಿಲ್ಲಬೇಕು, ಆಗ ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ತಾನಾಗಿ ಆರುತ್ತಾ ಹೋಗುತ್ತದೆ. ಸುಳ್ಳು ಹೇಳಲಾರದವನು ಅವನು, ಕೊಡುತ್ತೇನೆಂದು ಮಾತು ಕೊಟ್ಟಾಗಿದೆ. ತಿರುಗಿ ಅನ್ನುವ ದಾರಿಯನ್ನು ತನ್ನ ಸತ್ಯದಿಂದಲೇ ಮುಚ್ಚಿಕೊಂಡವನ ಮೇಲೆ ನಕ್ಷತ್ರಿಕನ ಚೆಲ್ಲಾಟ ನಡೆಯುತ್ತಿದೆ ಎಂದು ಜನಕ್ಕೆ ಹೊಳೆಯುವ ಕ್ಷಣ ಅದು.

ಪಾತ್ರ ಕೆಡುವುದಕ್ಕೆ ಕಾರಣಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಅವೇ. ಶಿಳ್ಳೆಯ ರುಚಿ ಹತ್ತಿ ನಾಲ್ಕು ಬೇಡಿಕೆ ಹತ್ತಾಗುತ್ತವೆ, ಇಪ್ಪತ್ತು ನಿಮಿಷದ ದೃಶ್ಯ ಒಂದು ಗಂಟೆಗೆ ಹೋಗುತ್ತದೆ, ಸ್ಮಶಾನದ ಹೊತ್ತಿಗೆ ಜನ ನಕ್ಕು ದಣಿದು ಟೀ ಅಂಗಡಿಗೆ ಹೋಗಿರುತ್ತಾರೆ. ಇಲ್ಲವೇ ಸಿನಿಮಾ ಡೈಲಾಗು, ಊರಿನ ಚೇರ್ಮನ್ನರ ಹೆಸರು, ನಿನ್ನೆಯ ಪಂಚಾಯ್ತಿ ಜಗಳ ತರುತ್ತಾನೆ. ನಗು ಹರಿಶ್ಚಂದ್ರನ ದಾರಿ ಬಿಟ್ಟು ಊರಿನ ಕಡೆ ಓಡುತ್ತದೆ, ಮತ್ತೆ ಎಳೆದು ತರಲು ಆಗುವುದಿಲ್ಲ. ಹರಿಶ್ಚಂದ್ರನ ಪಾತ್ರಧಾರಿಯೇ ಗೆಳೆಯನ ಮಾತಿಗೆ ಮೀಸೆಯಡಿ ನಕ್ಕುಬಿಟ್ಟರೂ ಕೆಲಸ ಕೆಟ್ಟಿತು. ಎಲ್ಲಕ್ಕಿಂತ ಕೀಳಾದದ್ದು ಚಂದ್ರಮತಿಯ ಮೈಮಾಟದ ಮೇಲೆ ಮಾತು ಹೊಸೆಯುವುದು. ಕೂಲಿಗೆ ಬಂದ ಕಲಾವಿದೆ ವೇಷದಲ್ಲಿ ನಿಂತಿದ್ದಾಳೆ, ಪಾತ್ರ ಬಿಟ್ಟು ಉತ್ತರ ಕೊಡುವಂತಿಲ್ಲ, ಮುಂದಿನ ಊರಿನ ನಾಟಕವೂ ತಪ್ಪಬಾರದು. ಆಗ ಕಥೆಯ ನಕ್ಷತ್ರಿಕ ಹೋಗಿ ನಿಜವಾದ ನಕ್ಷತ್ರಿಕ ವೇದಿಕೆಗೆ ಬಂದ ಹಾಗಾಗುತ್ತದೆ. ಒಳ್ಳೆಯ ಮೇಷ್ಟ್ರು ಇಂಥ ಮಾತು ಬರುವ ಸೂಚನೆ ಕಂಡ ಕೂಡಲೇ ಹಾರ್ಮೋನಿಯಂ ಮೇಲೆ ಮುಂದಿನ ಹಾಡು ಎತ್ತಿಬಿಡುತ್ತಾರೆ, ಮಾತು ಶ್ರುತಿಯಲ್ಲಿ ಮುಳುಗಿ ಹೋಗುತ್ತದೆ.

ಕಿರುಸಾಲದ ವಸೂಲಿಯವರು ಮನೆ ಬಾಗಿಲಲ್ಲಿ ನಿಂತು ಹೆಂಗಸರನ್ನು ಓಣಿಯ ಮುಂದೆ ಹೀನಾಯ ಮಾಡಿದ ಸುದ್ದಿಗಳು ಸಾಲುಸಾಲಾಗಿ ಬಂದು, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದಾದ ಮೇಲೆ ನಕ್ಷತ್ರಿಕನ ದೃಶ್ಯಕ್ಕೆ ಮೊದಲಿನ ಹಾಗೆ ನಗಲು ಆಗದ ಹೆಂಗಸರು ಮುಂದಿನ ಚಾಪೆಯಲ್ಲೇ ಕೂತಿರುತ್ತಾರೆ ಎಂಬುದನ್ನು ಪಾತ್ರ ಮಾಡುವವರು ನೆನಪಿಡಬೇಕು.

ಸ್ಮಶಾನದ ಪರದೆ ಬೀಳುವಾಗ ಬೆಳಗಿನ ಜಾವ ಆಗಿರುತ್ತದೆ. ನಕ್ಷತ್ರಿಕನ ಕೆಲಸ ಮುಗಿದಿದೆ, ಅವನು ಅರ್ಧ ಬಣ್ಣ ಒರೆಸಿಕೊಂಡು ಟವೆಲ್ ಹೊದ್ದು ವೇದಿಕೆಯ ಮೆಟ್ಟಿಲ ಪಕ್ಕ ಜನರ ಜೊತೆ ಕೂರುತ್ತಾನೆ. ಮೇಲೆ ಕಾವಲಿನ ಹರಿಶ್ಚಂದ್ರ, ಕೈಯಲ್ಲಿ ಕೋಲು. ಹೆಣವಾದ ಮಗನನ್ನು ಹೊತ್ತು ಬಂದವಳು ಹೆಂಡತಿ ಎಂದು ಅವನಿಗಿನ್ನೂ ಗೊತ್ತಿಲ್ಲ. ಸುಡುವ ಮೊದಲು ಸುಡುಗಾಡು ಸುಂಕ ಕೊಡು ಎನ್ನುತ್ತಾನೆ. ದಾರಿಯಲ್ಲಿ ನಕ್ಷತ್ರಿಕ ಕೇಳಿದ್ದ ಹಾಗೆಯೇ ಕೇಳುತ್ತಾನೆ, ಈಗ ವಸೂಲಿಗೆ ನಿಂತವನು ಅವನೇ. ಇಲ್ಲಿ ಮೇಷ್ಟ್ರು ತಿದಿಯಿಂದ ಕೈ ತೆಗೆಯಬೇಕು, ತಬಲಾ ನಿಲ್ಲಬೇಕು. ಚಂದ್ರಮತಿ ಕೂಡಲೇ ಹಾಡು ಎತ್ತಬಾರದು. ಹುಡುಗನ ತಲೆಯನ್ನು ತೊಡೆಯಿಂದ ನೆಲಕ್ಕೆ ಇಳಿಸಿ, ಸೆರಗು ಹೊದಿಸಿ, ಆಮೇಲೆ ಬರಿಯ ಮಾತಿನಲ್ಲಿ, ಕೊನೆಯ ಚಾಪೆಯವರಿಗೆ ಕೇಳುವಷ್ಟು ಮಾತ್ರ ದನಿ ಎತ್ತಿ, ಕೊಡಲು ನನ್ನ ಹತ್ತಿರ ಏನೂ ಇಲ್ಲಪ್ಪ ಎನ್ನಬೇಕು.